ಗಾಲಿಯ ಅಳತೆ, ನೆಲದ ಹದ



ಕಳೆದ ವರ್ಷ ಕಬ್ಬಿನ ಹಂಗಾಮು ಮುಗಿಯುತ್ತ ಬಂದ ದಿನಗಳಲ್ಲಿ ರಾಯಬಾಗ ತಾಲೂಕಿನ ಕೃಷ್ಣಾತೀರದ ಒಂದು ಗ್ರಾಮಕ್ಕೆ ಹೋಗುವ ಪ್ರಸಂಗ ಒದಗಿತ್ತು. ಪ್ರಸಾದವಾದ ಮೇಲೆ ಮನೆಯ ಹಿರಿಯರು ತಮ್ಮ ಹೊಲವನ್ನು ತೋರಿಸಲು ಕರೆದೊಯ್ದರು. ಕಟಾವಾದ ಕಬ್ಬಿನ ಕುಳೆ ಚಿಗುರೊಡೆದು ಹಸಿರಾಗಿತ್ತು. ಆದರೆ ಆ ಹಸಿರಿನ ನಡುವೆ ಎರಡೆರಡು ಸಾಲು ಬೋಳಾಗಿ, ಬದುವಿನವರೆಗೂ ರಸ್ತೆಯಂತೆ ಬಿದ್ದಿತ್ತು. ಕಬ್ಬು ತುಂಬಿದ ಟ್ರೇಲರುಗಳು ಹಸಿ ನೆಲದಲ್ಲಿ ಓಡಾಡಿದ ಜಾಡು ಅದು. ಹಿರಿಯರು ಆ ಜಾಡನ್ನು ನೋಡುತ್ತ ಮೌನವಾಗಿ ನಿಂತಿದ್ದರು. ಅವರ ಮಗನಿಗೆ ಮಾತ್ರ ಬೇರೆಯೇ ಚಿಂತೆ. ತನ್ನ ಟ್ರ್ಯಾಕ್ಟರಿಗೆ ಈಗಿರುವುದಕ್ಕಿಂತ ದೊಡ್ಡ ಟೈರು ಹಾಕಿಸಬೇಕೆಂಬುದು ಅವನ ಸಂಕಲ್ಪ.

“ಗುರುಗಳ, ಟಾಯರ್ ದೊಡ್ಡದಾದ್ರ ಜಗ್ಗೂ ತಾಕತ್ತೂ ದೊಡ್ಡದಾಗತೈತಿ” ಎಂದ ಮಗ.

“ಜಗ್ಗೂದು ಖರೇ, ಆದರ ನೆಲ ತಾಳಬೇಕಲ್ಲೋ ತಮ್ಮಾ” ಎಂದರು ತಂದೆ.

ಈ ಎರಡು ಮಾತುಗಳ ನಡುವೆ ಇರುವ ಸತ್ಯವನ್ನು ಶೋಧಿಸುವುದೇ ಈ ತಿಂಗಳ ಲೇಖನದ ಉದ್ದೇಶ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಈ ಐದೂ ತಾಲೂಕುಗಳಲ್ಲಿ ಟ್ರ್ಯಾಕ್ಟರು ಇಂದು ಎತ್ತಿನ ಸ್ಥಾನದಲ್ಲಿ ನಿಂತಿದೆ. ಅದರ ಒಂದು ಜೊತೆ ಹಿಂದಿನ ಟೈರುಗಳ ಬೆಲೆ ಸಾಮಾನ್ಯ ಕುಟುಂಬಕ್ಕೆ ಸಣ್ಣ ಭಾರವಲ್ಲ. ಆದುದರಿಂದ ಇದು ಕೇವಲ ಗ್ಯಾರೇಜಿನವರ ವಿಷಯವೆಂದು ಯಾರೂ ಉಪೇಕ್ಷಿಸಬಾರದು.

ಗಾಲಿಗೆ ಅಳತೆಯೇ ಪ್ರಾಣವೆಂಬುದನ್ನು ನಮ್ಮ ಹಿರಿಯರು ಚೆನ್ನಾಗಿ ಬಲ್ಲವರಾಗಿದ್ದರು. ಬಡಿಗನು ಕಟ್ಟಿದ ಗಾಲಿಗಿಂತ ಕಮ್ಮಾರನು ಕಬ್ಬಿಣದ ಹಳಿಯನ್ನು ಕೂದಲೆಳೆಯಷ್ಟು ಕಿರಿದಾಗಿ ಮಾಡುತ್ತಿದ್ದ. ಬೆಂಕಿಯಲ್ಲಿ ಕಾಯಿಸಿದಾಗ ಹಿಗ್ಗುವ ಹಳಿಯನ್ನು ಗಾಲಿಗೆ ತೊಡಿಸಿ ನೀರು ಹೊಯ್ದರೆ ಅದು ಕುಗ್ಗಿ ಗಾಲಿಯನ್ನು ಬಿಗಿಯಾಗಿ ಅಪ್ಪುತ್ತಿತ್ತು. ಅಳತೆ ತುಸು ಹೆಚ್ಚಾದರೆ ಹಳಿ ಕಳಚುವುದು, ಕಡಿಮೆಯಾದರೆ ಗಾಲಿ ಒಡೆಯುವುದು. ಗಾಳಿ ತುಂಬಿದ ರಬ್ಬರಿನ ಟೈರನ್ನು 1888ರಲ್ಲಿ ಬೆಲ್‌ಫಾಸ್ಟ್ ನಗರದ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ ತನ್ನ ಮಗನ ಮೂರು ಗಾಲಿಯ ಸೈಕಲ್ಲಿಗಾಗಿ ರೂಪಿಸಿದನು. ಹೊಲದಲ್ಲಿ ಕೆಲಸ ಮಾಡುವ ಟ್ರ್ಯಾಕ್ಟರುಗಳು ಕಬ್ಬಿಣದ ಗಾಲಿಯನ್ನು ಬಿಟ್ಟು ರಬ್ಬರಿಗೆ ತಿರುಗಿದ್ದು 1930ರ ದಶಕದಲ್ಲಿ. ವಸ್ತು ಬದಲಾಯಿತೇ ಹೊರತು ಅಳತೆಯ ಧರ್ಮ ಬದಲಾಗಲಿಲ್ಲ.

ಮೊದಲು ಟೈರಿನ ಮೇಲಿನ ಬರಹವನ್ನು ಓದುವುದನ್ನು ಕಲಿಯೋಣ. ಮಧ್ಯಮ ಶಕ್ತಿಯ ಟ್ರ್ಯಾಕ್ಟರಿನ ಹಿಂದಿನ ಟೈರಿನ ಮೇಲೆ ಬಹುಶಃ 13.6-28 ಎಂದಿರುತ್ತದೆ. ಇದರಲ್ಲಿ 13.6 ಎಂಬುದು ಟೈರಿನ ಅಗಲ, 28 ಎಂಬುದು ಅದು ಕೂಡುವ ರಿಮ್ಮಿನ ವ್ಯಾಸ. ಎರಡೂ ಇಂಚುಗಳಲ್ಲಿ. ರೇಡಿಯಲ್ ಟೈರುಗಳ ಮೇಲೆ ಇದೇ ಅಳತೆಯನ್ನು 340/85 ಆರ್ 28 ಎಂದು ಬರೆಯುವ ರೂಢಿಯಿದೆ. 340 ಎಂದರೆ ಮಿಲಿಮೀಟರಿನಲ್ಲಿ ಅಗಲ. 85 ಎಂದರೆ ಪಕ್ಕದ ಗೋಡೆಯ ಎತ್ತರವು ಅಗಲದ ನೂರಕ್ಕೆ 85 ಭಾಗ, ಅಂದರೆ 289 ಮಿ.ಮೀ. ಮೇಲೆ ಕೆಳಗೆ ಸೇರಿ 578. ರಿಮ್ಮಿನ 28 ಇಂಚು ಎಂದರೆ 711 ಮಿ.ಮೀ. ಒಟ್ಟು ಎತ್ತರ 1289 ಮಿ.ಮೀ. ಆಯಿತು. ಅದಕ್ಕಿಂತ ಒಂದು ಮೆಟ್ಟಿಲು ದೊಡ್ಡದಾದ 380/85 ಆರ್ 28, ಅಂದರೆ ಹಳೆಯ ಲೆಕ್ಕದ 14.9-28, ಇದೇ ಗಣಿತದಿಂದ 1357 ಮಿ.ಮೀ. ಎತ್ತರವಾಗುತ್ತದೆ. ಅಂತರ 68 ಮಿ.ಮೀ., ನೂರಕ್ಕೆ ಐದಕ್ಕಿಂತ ತುಸು ಹೆಚ್ಚು.

ಈ ಐದರಲ್ಲಿಯೇ ಮಗನ ಪ್ರಶ್ನೆಗೆ ಉತ್ತರವಿದೆ. ಗಾಲಿ ನೂರಕ್ಕೆ ಐದರಷ್ಟು ಹಿರಿದಾದರೆ ಅದೇ ಗೇರಿನಲ್ಲಿ ವೇಗ ಅಷ್ಟು ಹೆಚ್ಚುತ್ತದೆ, ಎಂಜಿನ್ನು ಗಾಲಿಯ ಅಂಚಿಗೆ ಮುಟ್ಟಿಸುವ ಎಳೆತ ಸರಿಸುಮಾರು ಅಷ್ಟೇ ಕಡಿಮೆಯಾಗುತ್ತದೆ. ಟೈರು ಶಕ್ತಿಯನ್ನು ಹುಟ್ಟಿಸುವುದಿಲ್ಲ. ಎಂಜಿನ್ನು ಕೊಟ್ಟ ಶಕ್ತಿಯನ್ನು ನೆಲಕ್ಕೆ ದಾಟಿಸುತ್ತದೆ. ಅಗಲವಾದ ಟೈರಿನಿಂದ ಹೆಚ್ಚುವುದು ನೆಲದ ಹಿಡಿತ. ಎಂಜಿನ್ನಿನ ಬಲ ಮಿಕ್ಕಿದ್ದೂ ಗಾಲಿ ಜಾರುತ್ತಿದ್ದರೆ ದೊಡ್ಡ ಟೈರಿನಿಂದ ಉಪಕಾರವಾದೀತು. ಎಂಜಿನ್ನೇ ಉಸಿರುಗಟ್ಟುತ್ತಿದ್ದರೆ ಅಪಕಾರವೇ ಆದೀತು. ರೂಟವೇಟರ್ ಹೊಡೆಯುವಾಗ ಇನ್ನೊಂದು ವ್ಯತ್ಯಾಸ ಕಾಣಿಸುತ್ತದೆ. ಬ್ಲೇಡುಗಳು ತಿರುಗುವ ವೇಗ ಹಿಂದಿನಷ್ಟೇ ಇದ್ದು ಟ್ರ್ಯಾಕ್ಟರು ಮಾತ್ರ ಬೇಗ ಸಾಗುವುದರಿಂದ ಹೆಂಟೆ ದಪ್ಪವಾಗಿ ಉಳಿಯುತ್ತದೆ.

ನಾಲ್ಕೂ ಗಾಲಿಗೆ ಬಲ ಹೋಗುವ ಟ್ರ್ಯಾಕ್ಟರು ಇರುವವರು ಇನ್ನೂ ಎಚ್ಚರದಿಂದಿರಬೇಕು. ಅವುಗಳಲ್ಲಿ ಮುಂದಿನ ಗಾಲಿಗಳು ಹಿಂದಿನವಕ್ಕಿಂತ ನೂರಕ್ಕೆ ಒಂದರಿಂದ ಐದರಷ್ಟು ಮುಂದಾಗಿ ಓಡುವಂತೆ ಹಲ್ಲುಚಕ್ರಗಳನ್ನು ಹೊಂದಿಸಿರುತ್ತಾರೆ. ಹಿಂದಿನ ಟೈರನ್ನು ಮಾತ್ರ ಐದರಷ್ಟು ಹಿಗ್ಗಿಸಿದರೆ ಈ ಹೊಂದಾಣಿಕೆ ಅಳಿದುಹೋಗುತ್ತದೆ. ಎಳೆಯಬೇಕಾದ ಮುಂದಿನ ಗಾಲಿ ತಡೆಯಲು ಆರಂಭಿಸುತ್ತದೆ. ಗಟ್ಟಿ ರಸ್ತೆಯ ಮೇಲೆ ಈ ಜಗಳದ ಪೆಟ್ಟು ಗೇರುಗಳಿಗೆ ತಗಲುತ್ತದೆ, ಟೈರುಗಳು ಕಾಲಕ್ಕೆ ಮೊದಲೇ ಸವೆಯುತ್ತವೆ. ಹಿಂದಿನದನ್ನು ಬದಲಿಸುವವರು ಮುಂದಿನದನ್ನೂ ಕಂಪನಿಯ ಪುಸ್ತಕ ಹೇಳುವ ಜೋಡಿಗೆ ತಕ್ಕಂತೆ ಬದಲಿಸತಕ್ಕದ್ದು. ಒಂದೇ ಅಚ್ಚಿನ ಎರಡು ಟೈರುಗಳು ಅಳತೆಯಲ್ಲಿಯೂ ಸವಕಳಿಯಲ್ಲಿಯೂ ಸಮನಾಗಿರಬೇಕೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಅಳತೆ ಒಂದೇ ಇದ್ದ ಮಾತ್ರಕ್ಕೆ ಟೈರೂ ಒಂದೇ ಎಂದು ಭ್ರಮಿಸಬಾರದು. ಎರಡನೆಯ ಮಹಾಯುದ್ಧದ ಜೀಪಿಗೆ ಇದ್ದದ್ದು 6.00-16 ಅಳತೆಯ ಟೈರು. ಇಂದು ನಮ್ಮ ಅನೇಕ ಟ್ರ್ಯಾಕ್ಟರುಗಳ ಮುಂದಿನ ಟೈರೂ 6.00-16. ಆದರೆ ಟ್ರ್ಯಾಕ್ಟರಿನದರ ಮೇಲೆ ಉದ್ದುದ್ದ ಏಣುಗಳಿರುತ್ತವೆ. ಅವು ಮಣ್ಣನ್ನು ಸೀಳಿ ದಿಕ್ಕು ಹಿಡಿಯುವುದಕ್ಕಾಗಿ ಇರುವಂಥವು, ಜೀಪಿನ ವೇಗಕ್ಕೆ ತಕ್ಕವಲ್ಲ. ಹಿಂದಿನ ಟೈರುಗಳಲ್ಲಿಯೂ ಭೇದವಿದೆ. ಆರ್-1 ಎಂಬ ಗುರುತಿನದು ಸಾಮಾನ್ಯ ಉಳುಮೆಗೆ. ಆರ್-2 ಎಂಬುದು ಭತ್ತದ ಕೆಸರಿಗೂ ಕಬ್ಬಿನ ಹಸಿ ನೆಲಕ್ಕೂ ಮಾಡಿದ, ಬಹು ಆಳವಾದ ಹಲ್ಲಿನ ಟೈರು. ವರ್ಷದ ಹೆಚ್ಚು ಕಾಲ ಡಾಂಬರಿನ ಮೇಲೆ ಕಾರ್ಖಾನೆಗೆ ಕಬ್ಬು ಸಾಗಿಸುವವನು ಆರ್-2 ಹಾಕಿಸಿದರೆ ಹಲ್ಲು ರಸ್ತೆಯ ಪಾಲಾಗುತ್ತದೆ. ಟೈರಿನ ಮೇಲೆ 127 ಎ8 ಎಂಬಂತಹ ಗುರುತಿದ್ದರೆ, ಗಂಟೆಗೆ 40 ಕಿ.ಮೀ. ವೇಗದವರೆಗೆ ಆ ಒಂದು ಟೈರು 1750 ಕಿಲೋ ಹೊರಬಲ್ಲುದೆಂದು ಅರ್ಥ. ಅನೇಕ ಟೈರುಗಳ ಮೇಲೆ ಕಾಣುವ ತಯಾರಿಕೆಯ ನಾಲ್ಕು ಅಂಕಿಗಳನ್ನೂ ನೋಡಿಕೊಳ್ಳಿ. 3523 ಎಂದಿದ್ದರೆ ಅದು 2023ನೆಯ ವರ್ಷದ 35ನೆಯ ವಾರದಲ್ಲಿ ತಯಾರಾದದ್ದು.

ಇನ್ನು ತಂದೆಯ ಮಾತಿಗೆ ಬರೋಣ. ನಮ್ಮ ಭಾಗದಲ್ಲಿ ನೆಲ ಒಂದೇ ತೆರನಾದುದಲ್ಲ. ಕೃಷ್ಣೆ, ದೂಧಗಂಗೆ, ವೇದಗಂಗೆಯರ ದಡದಲ್ಲಿ ಆಳವಾದ ಎರೆ. ನದಿಯಿಂದ ದೂರ ಸರಿದಂತೆ ಮಸಾರಿ ಮತ್ತು ಮಡ್ಡಿ. ಆಳದವರೆಗೆ ಮೆತ್ತಗಿರುವ ಎರೆಯಲ್ಲಿ ಅಗಲವಾದ ಟೈರು ಹೂಳದೆ ತೇಲುತ್ತದೆ. ಮೇಲೆ ನಾಲ್ಕು ಬೆರಳು ಕೆಸರು, ಕೆಳಗೆ ಗಟ್ಟಿ ನೆಲವಿದ್ದ ಕಡೆ ಕಿರಿದಾದ ಟೈರೇ ಕೆಸರನ್ನು ಕೊಯ್ದು ಗಟ್ಟಿಯನ್ನು ಮುಟ್ಟುತ್ತದೆ. ಮಡ್ಡಿಯಲ್ಲಿ ಅಗಲಕ್ಕಿಂತ ಕಲ್ಲಿನ ಏಟನ್ನು ತಡೆಯುವ ಗಟ್ಟಿ ಪಕ್ಕೆಗಳು ಮುಖ್ಯ. 2019ರ ಆಗಸ್ಟಿನ ಮಹಾಪೂರದಲ್ಲಿ ಈ ನದಿಗಳು ಉಕ್ಕಿದಾಗ ದಡದ ಹೊಲಗಳು ಮುಳುಗಿದ್ದನ್ನು ನಾವಾರೂ ಮರೆತಿಲ್ಲ. ಅಂತಹ ನೆನೆದ ಎರೆಯಲ್ಲಿ ಯಾವ ಟೈರೂ ಪವಾಡ ಮಾಡಲಾರದು. ಹಲ್ಲುಗಳ ಸಂದಿಯಲ್ಲಿ ಜಿಗುಟು ಮಣ್ಣು ತುಂಬಿದೊಡನೆ ಅದು ನುಣ್ಣನೆಯ ಉರುಳೆಯಾಗುತ್ತದೆ. ಆಗ ಉಚಿತವಾದುದು ಕಾಯುವುದೊಂದೇ.

ನೆಲದ ಮೇಲ್ಮೈಗೆ ಬೀಳುವ ಒತ್ತಡವು ಸುಮಾರಾಗಿ ಟೈರಿನೊಳಗಿನ ಗಾಳಿಯ ಒತ್ತಡದಷ್ಟೇ ಇರುತ್ತದೆ. ಒಂದು ಗಾಲಿಯ ಮೇಲೆ 1000 ಕಿಲೋ ಭಾರವಿದೆಯೆನ್ನಿ. ಟ್ರ್ಯಾಕ್ಟರಿನ ಹಿಂದಿನ ಟೈರಿನಲ್ಲಿ 14 ಪೌಂಡ್ ಗಾಳಿಯಿದ್ದರೆ, ಅಂದರೆ ಚದರ ಸೆಂಟಿಮೀಟರಿಗೆ ಸುಮಾರು ಒಂದು ಕಿಲೋ, ಆ ಭಾರ 1000 ಚದರ ಸೆಂಟಿಮೀಟರಿನ ಮೇಲೆ ಹರಡುತ್ತದೆ. ಟ್ರೇಲರಿನ ಸಣ್ಣ ಟೈರಿನಲ್ಲಿ 56 ಪೌಂಡ್ ಇದ್ದರೆ ಅದೇ ಭಾರ ಕೇವಲ 250 ಚದರ ಸೆಂಟಿಮೀಟರಿನ ಮೇಲೆ ಕೂಡುತ್ತದೆ. ಎಲ್ಲರೂ ಟ್ರ್ಯಾಕ್ಟರಿನ ಟೈರನ್ನು ಕುರಿತು ಚರ್ಚಿಸುತ್ತಾರೆ, ಆದರೆ ಕುಳೆಯನ್ನು ಕೊಲ್ಲುತ್ತಿರುವುದು ಅದರ ಹಿಂದೆ ಬರುವ ಟ್ರೇಲರು. ಮೇಲಿಂದ ಮೇಲೆ ನೀರುಂಡ ಕಬ್ಬಿನ ನೆಲಕ್ಕೆ ಬೇಸಿಗೆಯ ಬಿರುಕೂ ಇಲ್ಲ. ಒಣಬೇಸಾಯದ ಎರೆಯು ಬಿರಿದು ತನ್ನನ್ನು ತಾನೇ ಸಡಿಲಿಸಿಕೊಳ್ಳುತ್ತದೆ, ನೀರಾವರಿಯ ಎರೆಗೆ ಆ ಭಾಗ್ಯವಿಲ್ಲ. ಮೇಲ್ಪದರದ ಗಾಯವನ್ನು ಅಗಲವಾದ ಟೈರು ತಡೆದೀತು. ಆಳದ ಗಾಯಕ್ಕೆ ಹೊರೆಯನ್ನು ಇಳಿಸುವುದೊಂದೇ ಮದ್ದು.

ಸಾಲಿನ ಅಂತರವೂ ಟೈರಿನ ಅಳತೆಗೆ ಸೇರಿದ ವಿಷಯವೇ. ಮೂರು ಅಡಿಯ ಸಾಲಿನ ನಡುವೆ ಹದಿನೈದು ಇಂಚಿನ ಟೈರು ಹಾಯ್ದರೆ ಎರಡೂ ಬದಿಗೆ ಹತ್ತೂವರೆ ಇಂಚು ಮಾತ್ರ ಉಳಿಯುತ್ತದೆ. ತುಸು ಓರೆಯಾದರೂ ಬುಡದ ಮೇಲೆಯೇ ಏರುತ್ತದೆ. ನಾಲ್ಕರಿಂದ ಐದು ಅಡಿ ಬಿಟ್ಟು ನಾಟಿ ಮಾಡಿದವರಿಗೆ ಈ ಸಂಕಟ ಕಡಿಮೆ. ಕಡಿಯುವ ಮೊದಲೇ ನೀರು ನಿಲ್ಲಿಸಿ ನೆಲ ಆರಲು ಬಿಡುವುದು, ತುಂಬಿದ ಟ್ರೇಲರಿಗೆ ಒಂದೇ ದಾರಿಯನ್ನು ಗೊತ್ತುಪಡಿಸುವುದು, ಸಾಧ್ಯವಿದ್ದಲ್ಲಿ ಕಬ್ಬಿನ ಕಟ್ಟುಗಳನ್ನು ಬದುವಿಗೆ ಹೊತ್ತು ತಂದು ತುಂಬುವುದು, ಇವುಗಳಿಗೆ ಖರ್ಚಿಗಿಂತ ತಾಳ್ಮೆ ಹೆಚ್ಚು ಬೇಕು.

ಹಾಗಾದರೆ ದೊಡ್ಡ ಟೈರು ಬೇಕೋ ಬೇಡವೋ ಎಂದು ನಿರ್ಣಯಿಸುವುದು ಹೇಗೆ? ಇದಕ್ಕೆ ಒಂದು ಸೀಮೆಸುಣ್ಣದ ತುಂಡು ಸಾಕು. ಹಿಂದಿನ ಗಾಲಿಗೆ ಗುರುತು ಮಾಡಿ, ನೇಗಿಲು ಹೂಡಿ ಉಳುತ್ತ ಹತ್ತು ಸುತ್ತು ಎಣಿಸಿರಿ. ಆರಂಭಕ್ಕೂ ಕೊನೆಗೂ ಗೂಟ ನೆಡಿರಿ. ಅನಂತರ ನೇಗಿಲನ್ನು ಎತ್ತಿ ಅದೇ ದೂರವನ್ನು ಬರಿದೆ ಕ್ರಮಿಸಿ ಸುತ್ತು ಎಣಿಸಿರಿ. ಎಂಟೂವರೆ ಬಂದರೆ ಜಾರಿಕೆ ನೂರಕ್ಕೆ ಹದಿನೈದು. ಎಂಟರಿಂದ ಹದಿನೈದರವರೆಗಿನ ಜಾರಿಕೆ ಯೋಗ್ಯವಾದುದು. ಅದಕ್ಕಿಂತ ಹೆಚ್ಚಿದ್ದರೆ ಮೊದಲು ಗಾಳಿಯ ಒತ್ತಡವನ್ನು ಪುಸ್ತಕಕ್ಕೆ ಸರಿಹೊಂದಿಸಿ, ಬಳಿಕ ಗಾಲಿಗೆ ತೂಕ ಕಟ್ಟಿ ಇಲ್ಲವೆ ಟೈರಿನಲ್ಲಿ ನೀರು ತುಂಬಿಸಿ ನೋಡಿರಿ. ಆಗಲೂ ಜಾರಿದರೆ ಮಾತ್ರ, ಆ ಟ್ರ್ಯಾಕ್ಟರಿಗೆ ಕಂಪನಿಯು ಸಮ್ಮತಿಸಿದ ಅಳತೆಗಳಲ್ಲಿಯೇ ಮುಂದಿನದನ್ನು, ಅದಕ್ಕೆ ತಕ್ಕ ಅಗಲದ ರಿಮ್ಮಿನ ಸಹಿತ, ಕೊಳ್ಳುವುದು. ಎಂಟಕ್ಕಿಂತ ಕಡಿಮೆಯಿದ್ದರೆ ಟ್ರ್ಯಾಕ್ಟರು ವ್ಯರ್ಥವಾಗಿ ಭಾರ ಹೊತ್ತು ಡಿಸೇಲು ಕುಡಿಯುತ್ತಿದೆಯೆಂದು ತಿಳಿಯತಕ್ಕದ್ದು.

ಒಂದು ಪ್ರಾಣಸಂಬಂಧಿ ಎಚ್ಚರಿಕೆಯನ್ನೂ ಹೇಳಲೇಬೇಕು. ಹೊಸ ಟೈರನ್ನು ರಿಮ್ಮಿಗೆ ಕೂಡಿಸುವಾಗ ಅದು ಕೂಡಲಿಲ್ಲವೆಂದು 35 ಪೌಂಡಿಗೆ ಮೀರಿ ಗಾಳಿ ತುಂಬಬಾರದು. ಸಿಡಿದ ಟೈರು ಎದುರಿಗೆ ನಿಂತವನನ್ನು ಉಳಿಸುವುದಿಲ್ಲ. ಗಾಳಿಯನ್ನು ಇಳಿಸಿ, ಅಂಚಿಗೆ ಸಾಬೂನಿನ ನೀರು ಹಚ್ಚಿ, ಪುನಃ ಕೂಡಿಸಬೇಕು. ಮಕ್ಕಳನ್ನು ಆ ಸ್ಥಳದಿಂದ ದೂರ ಕಳಿಸಿರಿ.

ಆ ಮನೆಯ ತಂದೆ ಮಕ್ಕಳು ಮರುದಿನ ಮುಂಜಾನೆಯೇ ಸೀಮೆಸುಣ್ಣದ ಪರೀಕ್ಷೆ ಮಾಡಿದರು. ಹತ್ತಕ್ಕೆ ಒಂಬತ್ತು ಸುತ್ತು ಬಂದವು. ಜಾರಿಕೆ ನೂರಕ್ಕೆ ಹತ್ತು. ಟೈರಿನಲ್ಲಿ ದೋಷವಿರಲಿಲ್ಲ. ಮಗನು ಎಣಿಕೆಯನ್ನು ಇನ್ನೊಮ್ಮೆ ಮಾಡಿ ನೋಡಿ, ಸುಮ್ಮನಾದ. ಟೈರಿಗೆಂದು ತೆಗೆದಿರಿಸಿದ ಹಣದಲ್ಲಿ ಒಂದಷ್ಟನ್ನು ಹೊಲದ ಅಂಚಿಗೆ ಗರಸು ಹಾಕಿಸಿ ಟ್ರೇಲರು ನಿಲ್ಲುವ ಗಟ್ಟಿ ಜಾಗ ಮಾಡಿಸಲು ಬಳಸಿದರೆಂದು ಆಮೇಲೆ ತಿಳಿಯಿತು. ಮುಂದಿನ ನಾಟಿಗೆ ಸಾಲಿನ ಅಂತರವನ್ನು ನಾಲ್ಕೂವರೆ ಅಡಿಗೆ ಏರಿಸುವ ಮಾತನ್ನು ಎತ್ತಿದವನು ಆ ಮಗನೇ.

ತಾವು ಮಾಡುವ ಕಾಯಕಕ್ಕೆ ತಕ್ಕ ಸಾಧನವನ್ನು ಆರಿಸಿಕೊಳ್ಳುವುದೂ ಕಾಯಕದ ಒಂದು ಅಂಗ. ಕೊಳ್ಳುವ ಮೊದಲು ಒಮ್ಮೆ ಅಳೆಯಿರಿ, ಒಮ್ಮೆ ಎಣಿಸಿರಿ, ಒಮ್ಮೆ ನಿಮ್ಮ ನೆಲವನ್ನು ನಡೆದು ನೋಡಿರಿ. ನೆಲವನ್ನು ಕಂಡ ಹಿರಿಯರೂ ಯಂತ್ರವನ್ನು ಬಲ್ಲ ತರುಣರೂ ಒಟ್ಟಿಗೆ ಕುಳಿತು ನಿರ್ಣಯಿಸಿದರೆ ಮನೆಯ ಹಣವೂ ಉಳಿದೀತು, ಹೊಲದ ಕುಳೆಯೂ ಉಳಿದೀತು.