ನೆರವು ಮನೆಬಾಗಿಲಿಗೆ ಬರಲಿ, ಕನ್ನಡದಲ್ಲಿ ಬರಲಿ

ಅಂಗವಿಕಲರಿಗೆ ತಿಂಗಳಿಗಿಷ್ಟು ಮಾಸಾಶನ ಮಂಜೂರು ಮಾಡಿದೊಡನೆ ಸರಕಾರದ ಹೊಣೆ ತೀರಿತೆಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಕಾನೂನು ಹಾಗೆ ಹೇಳುವುದಿಲ್ಲ. ಅಂಗವಿಕಲರಿಗೆ ಸಮಾಜದ ನಡುವೆ ಬಾಳುವ ಹಕ್ಕಿದೆಯೆಂದು 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯ 5ನೇ ಕಲಮು ಸ್ಪಷ್ಟಪಡಿಸಿದೆ. ಅದಕ್ಕೆ ಬೇಕಾದ ಸೇವೆಗಳು, ದಿನನಿತ್ಯದ ಕೆಲಸಗಳಿಗೆ ಆಳಿನ ಸಹಾಯವೂ ಸೇರಿದಂತೆ, ಅವರಿಗೆ ದೊರೆಯುವಂತೆ ಸರಕಾರ ಪ್ರಯತ್ನಿಸತಕ್ಕದ್ದೆಂದೂ ಅದು ವಿಧಿಸಿದೆ. ಆಶ್ರಮಕ್ಕೆ ಸಾಗಹಾಕುವುದಾಗಲಿ ಮನೆಯ ಹಿಂಬದಿಯ ಕೋಣೆಯಲ್ಲಿ ಕೂರಿಸಿಡುವುದಾಗಲಿ ಪರಿಹಾರವಲ್ಲವೆಂಬುದೇ ಇದರ ತಾತ್ಪರ್ಯ.

2011ರ ಜನಗಣತಿಯಂತೆ ದೇಶದಲ್ಲಿ ಅಂಗವಿಕಲರು 2.68 ಕೋಟಿ. ಅವರಲ್ಲಿ ನೂರಕ್ಕೆ 69 ಮಂದಿ ಹಳ್ಳಿಗರು. ಆದುದರಿಂದ ಕಾಯಿದೆಯ ನಿಜವಾದ ಪರೀಕ್ಷೆ ನಡೆಯುವುದು ಪಟ್ಟಣಗಳಲ್ಲಲ್ಲ, ಮಹಾರಾಷ್ಟ್ರದ ಸಾಂಗಲಿ ಜಿಲ್ಲೆ ಜತ್ತ ತಾಲೂಕಿನ ಸಂಖದಂತಹ ಊರುಗಳಲ್ಲಿ. ಬರಗಾಲ ಬಿಡದ ಸೀಮೆಯದು. ಮನೆಮಾತು ಕನ್ನಡ, ಕಚೇರಿಯ ಮಾತು ಮರಾಠಿ. ಜಿಲ್ಲಾ ಕೇಂದ್ರಕ್ಕೆ ನೂರು ಕಿಲೋಮೀಟರಿಗೂ ಮಿಕ್ಕಿದ ದಾರಿ. ಗಡಿ ಎಲ್ಲಿರಬೇಕೆಂಬ ವಾದ 2004ರಿಂದ ಸುಪ್ರೀಂ ಕೋರ್ಟಿನಲ್ಲಿದೆ. ಎದ್ದು ಕೂರುವುದಕ್ಕೂ ಇನ್ನೊಬ್ಬರ ಕೈ ಬೇಕಾದವನು ಆ ತೀರ್ಪಿಗಾಗಿ ಕಾದು ಕುಳಿತಿರಲಾರನು.

ಇಂತಹ ಊರಿನ ಅಂಗವಿಕಲನಿಗೆ ಎರಡು ದೂರಗಳಿವೆ. ಒಂದು ರಸ್ತೆಯದು, ಇನ್ನೊಂದು ಭಾಷೆಯದು. ಪ್ರಮಾಣಪತ್ರಕ್ಕೂ ಗಾಲಿಕುರ್ಚಿಗೂ ಮಾಸಾಶನಕ್ಕೂ ಮೊದಲು ಅರ್ಜಿ ಓದಿ ಹೇಳುವವರು ಬೇಕು. ಕುಂದುಕೊರತೆಯ ಮನವಿಯನ್ನು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಕೊಡಬಹುದೆಂದು ಸಂವಿಧಾನದ 350ನೇ ವಿಧಿ ಹೇಳುತ್ತದೆ. ಆದರೆ ಮೇಜಿನ ಆಚೆ ಕುಳಿತವರಿಗೆ ಆ ಭಾಷೆ ತಿಳಿಯದಿದ್ದರೆ ಬರಹದ ಹಕ್ಕು ಬರಹದಲ್ಲಿಯೇ ಉಳಿದೀತು.

ಪರಿಹಾರ ದೂರವೇನೂ ಇಲ್ಲ. ಗಡಿಯಾಚೆಯ ವಿಜಯಪುರವೂ ಸೇರಿದಂತೆ ಕರ್ನಾಟಕದಲ್ಲಿ ಗ್ರಾಮಪಂಚಾಯತು ಮಟ್ಟದಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ. ಸ್ಥಳೀಯ ಅಂಗವಿಕಲರನ್ನೇ ಈ ಕೆಲಸಕ್ಕೆ ಆರಿಸುವ ಪದ್ಧತಿ ಅಲ್ಲಿಯದು. ಗೌರವಧನ ಅಲ್ಪವಾದರೂ ಮನೆಮನೆಗೆ ಹೋಗಿ ಕಷ್ಟ ವಿಚಾರಿಸಿ ಅರ್ಜಿ ತುಂಬಿಸಿಕೊಡುವವರು ಊರಿನವರೇ ಆಗಿರುತ್ತಾರೆ. ಇತ್ತ ಮಹಾರಾಷ್ಟ್ರದಲ್ಲಿ ಪಂಚಾಯತುಗಳು ಸ್ವಂತ ಆದಾಯದ ಶೇಕಡಾ 5ನ್ನು ಅಂಗವಿಕಲರಿಗಾಗಿ ವ್ಯಯಿಸಬೇಕೆಂಬ ನಿಯಮವಿದೆ. 2022ರಲ್ಲಿ ಆ ರಾಜ್ಯವು ಅಂಗವಿಕಲರ ಕಲ್ಯಾಣಕ್ಕೆಂದೇ ಪ್ರತ್ಯೇಕ ಇಲಾಖೆಯನ್ನು ತೆರೆದುದು ಶ್ಲಾಘನೀಯ. ಬರಪೀಡಿತ ಗ್ರಾಮದ ಆದಾಯವೇ ಅತ್ಯಲ್ಪವಾದುದರಿಂದ ಅದರ ಶೇಕಡಾ 5ರಲ್ಲಿ ಏನೂ ಆಗದು. ಆ ಇಲಾಖೆಯೇ ಹಣವೊದಗಿಸಿ, ಜತ್ತ ತಾಲೂಕಿನ ಕನ್ನಡ ಗ್ರಾಮಗಳಿಗೆ ಕನ್ನಡ ಬಲ್ಲ ಒಬ್ಬೊಬ್ಬ ಕಾರ್ಯಕರ್ತರನ್ನು ನೇಮಿಸಬೇಕು.

ದೂರದ ಸಂಖದ ಮಾತು ಕಾಸರಗೋಡಿನವರಿಗೇಕೆಂದು ಓದುಗರು ಕೇಳಬಹುದು. 2000ದವರೆಗೆ ನಮ್ಮ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದುದರ ಫಲವನ್ನು ಉಣ್ಣುತ್ತಿರುವ ಮನೆಗಳು ನಮ್ಮ ನೆರೆಯಲ್ಲಿವೆ. ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದು 2017ರಲ್ಲಿ ಸುಪ್ರೀಂ ಕೋರ್ಟು ಆಜ್ಞಾಪಿಸಿತು. ಹಣ ಬೇಕೇಬೇಕು. ಆದರೆ ಹಾಸಿಗೆ ಹಿಡಿದ ಮಗನ ತಾಯಿಗೆ ಅರೆಗಳಿಗೆಯ ಬಿಡುವು ಕೊಟ್ಟುದು ಪಂಚಾಯತಿನ ಬಡ್ಸ್ ಶಾಲೆ, ಮನೆಗೆ ಬರುವ ಪಾಲಿಯೇಟಿವ್ ದಾದಿ. ಆ ದಾದಿ ಕನ್ನಡದಲ್ಲಿಯೋ ತುಳುವಿನಲ್ಲಿಯೋ ಮಾತಾಡಿಸಿದರೆ ನೆರವಿನ ಬೆಲೆ ಇಮ್ಮಡಿಯಾಗುವುದೆಂಬುದನ್ನು ಬಲ್ಲವರೇ ಬಲ್ಲರು.

ಭಾಷಾ ಅಲ್ಪಸಂಖ್ಯಾತರ ಹಕ್ಕೆಂದರೆ ನಾಮಫಲಕ ಮತ್ತು ಪಠ್ಯಪುಸ್ತಕಗಳಷ್ಟೇ ಎಂದು ನಾವೂ ಬಹುಕಾಲ ತಿಳಿದಿದ್ದೆವು. ತನ್ನ ನೋವನ್ನು ತನ್ನ ಮಾತಿನಲ್ಲಿ ಹೇಳಿಕೊಂಡು, ತನ್ನೂರಿನಲ್ಲಿಯೇ ತಲೆಯೆತ್ತಿ ಬಾಳುವುದೂ ಆ ಹಕ್ಕಿಗೆ ಸೇರಿದ್ದು. ಮುಂಬಯಿಯಲ್ಲಿರಲಿ, ತಿರುವನಂತಪುರದಲ್ಲಿರಲಿ, ಸಂಬಂಧಪಟ್ಟವರು ಇತ್ತ ಗಮನ ಹರಿಸುವರೆಂದು ಆಶಿಸುತ್ತೇವೆ.