ಮೂರನೇ ದಿನದ ಕಟ್ಟಿನ ಸಾರು

ಹೋಳಿಗೆ ಮಾಡಿದ ಮನೆಯಲ್ಲಿ ಕಟ್ಟಿನ ಸಾರು ಉಳಿಯುವುದು ಸಹಜ. ಮರುದಿನ ಕಾಯಿಸಿದರೆ ಅದರ ರುಚಿ ಮೊದಲ ದಿನಕ್ಕಿಂತ ಒಂದು ಕೈ ಹೆಚ್ಚು ಎಂಬುದನ್ನು ನಮ್ಮ ಕಡೆಯ ಯಾವ ಹೆಣ್ಣುಮಗಳಿಗೂ ಹೇಳಿಕೊಡಬೇಕಿಲ್ಲ. ಆದರೆ ಮೂರನೇ ದಿನ? ನೀರು ಬೆರೆಸಿ, ಖಾರ ಹಾಕಿ, ಮತ್ತೊಂದು ಒಗ್ಗರಣೆ ಕೊಟ್ಟು ಬಡಿಸಿ ನೋಡಿ, ಒಂದೇ ತುತ್ತಿಗೆ ಮನೆಮಂದಿ ಮುಖ ಸಿಂಡರಿಸುತ್ತಾರೆ. ಕೋಟಿಗಟ್ಟಲೆ ಸುರಿದು ಸಿನಿಮಾ ಮಾಡುವವರಿಗೆ ಈ ಸಣ್ಣ ಮಾತು ಯಾಕೆ ತಿಳಿಯುವುದಿಲ್ಲವೋ!

ಈ ವಿಚಾರ ನನ್ನ ತಲೆ ಹೊಕ್ಕಿದ್ದು 2023ರ ದೀಪಾವಳಿಯಲ್ಲಿ. ಪುಣೆಯಲ್ಲಿರುವ ಮಗ-ಸೊಸೆ ಹಬ್ಬಕ್ಕೆಂದು ಐನಾಪುರಕ್ಕೆ ಬಂದಿದ್ದರು. ಫರಾಳದ ಡಬ್ಬಿ ಇನ್ನೂ ತೆರೆದಿರಲಿಲ್ಲ, ಹನ್ನೆರಡು ವರ್ಷದ ಮೊಮ್ಮಗ ನನ್ನ ಸೆರಗು ಹಿಡಿದ.

“ಆಯಿ, ಸಾಂಗಲಿಗೆ ಹೋಗೂಣು. ‘ದಿ ಮಾರ್ವೆಲ್ಸ್’ ಬಂದೈತಿ. ಮೂರೂ ಮಂದಿ ಹೆಣ್ಣಮಕ್ಕಳೇ ಹೀರೋ. ನೀನೂ ಬಾ.”

ಹೆಣ್ಣುಮಕ್ಕಳು ಅಂದಮೇಲೆ ಬಿಡುವುದುಂಟೆ? ಕಾಗವಾಡ, ಮಿರಜ ದಾಟಿ ಐದೂ ಜನ ಹೋದೆವು. ಟಿಕೀಟು, ಪಾಪ್‌ಕಾರ್ನು, ಗಾಡಿಯ ಪೆಟ್ರೋಲು ಎಲ್ಲ ಸೇರಿ ಎಷ್ಟಾಯಿತೆಂದು ಇಲ್ಲಿ ಬರೆಯುವುದಿಲ್ಲ. ಓದಿದರೆ ನಮ್ಮ ಯಜಮಾನರಿಗೆ ಮತ್ತೆ ನೆನಪಾದೀತು.

ಅರ್ಧ ಗಂಟೆಯಾದರೂ ಯಾರು ಯಾರಿಗೆ ಏನಾಗಬೇಕು ನನಗೆ ತಿಳಿಯಲಿಲ್ಲ. ಹುಡುಗ ಕಿವಿಯಲ್ಲಿ ಹೇಳುತ್ತಲೇ ಇದ್ದ: “ಈಕಿಗೆ ಶಕ್ತಿ ಬಂದದ್ದು ‘ವಾಂಡಾವಿಷನ್’ದಾಗ, ಆಯಿ. ಆ ಸಣ್ಣ ಹುಡುಗಿ ಕತಿ ‘ಮಿಸ್ ಮಾರ್ವೆಲ್’ದಾಗ ಐತಿ. ಅವು ಸಿನಿಮಾ ಅಲ್ಲ, ಮನ್ಯಾಗ ನೋಡೂ ಧಾರಾವಾಹಿ.” ಅಂದರೆ ಟಿಕೀಟಿನ ಹಣವಷ್ಟೇ ಸಾಲದು, ಮನೆಯಲ್ಲಿ ಬೇರೆ ಹಣ ಕಟ್ಟಿ, ಪಾಠ ಓದಿಕೊಂಡು ಬರಬೇಕು! ನನಗೆ ಹಿಡಿಸಿದ್ದು ಆ ಸಣ್ಣ ಹುಡುಗಿ ಕಮಲಾಳ ತಾಯಿ. ಮಗಳು ಆಕಾಶಕ್ಕೆ ಹಾರಿದರೂ ತಾಯಿಯ ಜೀವ ನೆಲದ ಮೇಲೆ ಒದ್ದಾಡುತ್ತದಲ್ಲ, ಅದು ನಮಗೆ ಗೊತ್ತಿದ್ದದ್ದೇ. ಇನ್ನೇನು ಆಕೆಯ ಕತೆ ಕುದುರಿತು ಅನ್ನುವಷ್ಟರಲ್ಲಿ ಮತ್ತೆ ಢಂ ಢಂ, ಕಣ್ಣು ಕುಕ್ಕುವ ಬೆಳಕು.

ಬರುವಾಗ ಹುಡುಗ ಮಾತಾಡಲಿಲ್ಲ. ಮಿರಜ ದಾಟಿದ ಮೇಲೆ ಮೆಲ್ಲಗೆ ಅಂದ, “ಮೊದಲಿನ್ವು ಚಲೋ ಇದ್ವು, ಆಯಿ.” ಎಂಟು ವರ್ಷದವನಿದ್ದಾಗ ‘ಎಂಡ್‌ಗೇಮ್’ನಲ್ಲಿ ಐರನ್ ಮ್ಯಾನ್ ಸತ್ತನೆಂದು ಊಟ ಬಿಟ್ಟು ಅತ್ತ ಕೂಸು ಇದು. ಹಣ ಹೋದದ್ದಕ್ಕಿಂತ ಅವನ ಆ ಮುಖ ನೋಡಿ ನನಗೆ ಕೆಡುಕೆನಿಸಿತು.

ಅವನೇ ಆಮೇಲೆ ಲೆಕ್ಕ ಹೇಳಿದ. ಆ ಮಾಲೆಯ ಮೊದಲ ಚಿತ್ರ ‘ಐರನ್ ಮ್ಯಾನ್’ 2008ರಲ್ಲಿ. 2019ರ ‘ಎಂಡ್‌ಗೇಮ್’ 22ನೆಯದು. ಗಳಿಕೆ ಹತ್ತಿರ ಹತ್ತಿರ 280 ಕೋಟಿ ಡಾಲರ್. ನಾವು ನೋಡಿದ್ದು 33ನೆಯದು. ಅದಕ್ಕೆ ಬಂದದ್ದು 20 ಕೋಟಿ ಡಾಲರ್‌ನ ಆಚೀಚೆ, ಇಡೀ ಮಾಲೆಯಲ್ಲೇ ಕನಿಷ್ಠ. 2021ರಿಂದ ಇದರ ಜೊತೆಗೆ ಧಾರಾವಾಹಿಗಳ ಸಾಲು ಬೇರೆ. ಬಡಿಸುವ ಎಲೆಗಳು ಹೆಚ್ಚಾದಾಗ ಅಡುಗೆಯವರ ಪಾಡೇನು? ಕಂಪ್ಯೂಟರಿನಲ್ಲಿ ಆ ಮಾಯಾಜಾಲ ತಯಾರಿಸುವ ಕೆಲಸಗಾರರು 2023ರ ಸೆಪ್ಟೆಂಬರಿನಲ್ಲಿ ಮತ ಹಾಕಿ ಸಂಘ ಕಟ್ಟಿಕೊಂಡರು. ಮರುವರ್ಷ ಡಿಸ್ನಿಯ ಮುಖ್ಯಸ್ಥ ಬಾಬ್ ಐಗರ್ ಅವರೇ, ಇನ್ನು ವರ್ಷಕ್ಕೆ ಎರಡು, ಹೆಚ್ಚೆಂದರೆ ಮೂರು ಚಿತ್ರ ಸಾಕು ಎಂದರು.

ಆದರೆ ನನಗೆ ಸಿಟ್ಟು ಬಂದದ್ದು ಬೇರೊಂದು ಮಾತಿಗೆ. “ಹೆಂಗಸರನ್ನ ಹೀರೋ ಮಾಡಿದ್ರ ಓಡಂಗಿಲ್ಲ” ಎಂದು ಮನೆಗೆ ಬಂದ ನೆಂಟರೊಬ್ಬರು ಚಹಾ ಕುಡಿಯುತ್ತಾ ತೀರ್ಪು ಕೊಟ್ಟರು. ಅದೇ ನಾಯಕಿಯ ಮೊದಲ ಚಿತ್ರ ‘ಕ್ಯಾಪ್ಟನ್ ಮಾರ್ವೆಲ್’ 2019ರಲ್ಲಿ 100 ಕೋಟಿ ಡಾಲರ್ ದಾಟಿ ಗಳಿಸಿತ್ತು. 2023ರಲ್ಲೇ ‘ದಿ ಫ್ಲ್ಯಾಶ್’ ಎಂಬ ಗಂಡು ವೀರನ ಸಿನಿಮಾ ಮಕಾಡೆ ಬಿತ್ತಲ್ಲ, ಆಗ ಯಾರಾದರೂ “ಗಂಡಸರ ಸಿನಿಮಾ ಓಡಂಗಿಲ್ಲ” ಅಂದರೇ? ಸಾರು ಹಳಸಿದರೆ ಸೌಟಿನದೇನು ತಪ್ಪು, ನೀವೇ ಹೇಳಿ.

ನಮ್ಮಲ್ಲೂ ಇಂಥ ಮಾಲೆ ಇತ್ತು, ನೆನಪಿದೆಯೇ? ರಾಜಕುಮಾರ್ ಅವರ ಸಿಐಡಿ 999. 1968ರಲ್ಲೇ ‘ಜೇಡರ ಬಲೆ’ ಮತ್ತು ‘ಗೋವಾದಲ್ಲಿ ಸಿಐಡಿ 999’ ಎರಡೂ ಬಂದವು. 1969ರಲ್ಲಿ ‘ಆಪರೇಷನ್ ಜಾಕ್‌ಪಾಟ್’. ಹೀಗೆ ಹಿಂದೆಹಿಂದೆಯೇ ಮೂರು ಕೊಟ್ಟ ದೊರೈ-ಭಗವಾನ್ ಅವರು ಆಮೇಲೆ ಪಿಸ್ತೂಲು ಬದಿಗಿಟ್ಟರು ನೋಡಿ. 1971ರಲ್ಲಿ ‘ಕಸ್ತೂರಿ ನಿವಾಸ’ ಮಾಡಿದರು. 1974ರಲ್ಲಿ ನಮ್ಮ ವಾಣಿಯವರ ಕಾದಂಬರಿ ತೆಗೆದುಕೊಂಡು ‘ಎರಡು ಕನಸು’. ಅದೇ ನಟ, ಅವೇ ನಿರ್ದೇಶಕರು. ಈಗ ತೆರೆಯ ಮೇಲೆ ಒಂದು ಸಂಸಾರ, ಒಬ್ಬ ಹೆಂಡತಿಯ ನೋವು. ನಾಲ್ಕನೆಯ 999 ಬಂದದ್ದು 1978ಕ್ಕೆ, ಒಂಬತ್ತು ವರ್ಷ ಬಿಟ್ಟು. ನಾಲಿಗೆಗೆ ಪುರುಸೊತ್ತು ಕೊಡುವುದು ಅಂದರೆ ಇದು.

ಈಗಿನವರಿಗೆ ಆ ಪುರುಸೊತ್ತು ಎಲ್ಲಿ? ‘ಕೆಜಿಎಫ್’ 2018ರಲ್ಲಿ ಬಂತು, ಎರಡನೆಯದು 2022ರಲ್ಲಿ. ಎರಡನೇ ದಿನದ ಸಾರಿನ ಹಾಗೆ ಅದೂ ರುಚಿಸಿತು. ಆಮೇಲೆ ಬಂದ ಎಷ್ಟೋ ಚಿತ್ರಗಳಲ್ಲಿ ಅದೇ ಮಸಿಬಣ್ಣ, ಅದೇ ಗಡ್ಡ, ಅದೇ ಗುಂಡಿನ ಮಳೆ. ‘ಕೆಜಿಎಫ್’ನ ತಾಯಿಗಾದರೂ ಎರಡು ಮಾತಿದ್ದವು, ಇವುಗಳಲ್ಲಿ ಹೆಂಗಸರು ಅಳುವುದಕ್ಕೋ ಕುಣಿಯುವುದಕ್ಕೋ ಮಾತ್ರ.

2025ರ ದೀಪಾವಳಿಗೆ ಹುಡುಗ ಮತ್ತೆ ಬಂದ. ಈಗ ಮೀಸೆ ಚಿಗುರುತ್ತಿದೆ. ಮಲಯಾಳಿಗಳ ‘ಲೋಕಾ’ ನೋಡಿ ಬಂದಿದ್ದ. ಕೇರಳದ ಅಜ್ಜಿಯರು ಹೇಳುವ ಕಳ್ಳಿಯಂಕಾಟ್ಟು ನೀಲಿ ಎಂಬ ಯಕ್ಷಿಯ ಕತೆಯನ್ನು ನಮ್ಮ ಬೆಂಗಳೂರಿಗೆ ತಂದಿಟ್ಟ ಚಿತ್ರ. ನಾಯಕಿ ಕಲ್ಯಾಣಿ ಪ್ರಿಯದರ್ಶನ್. ಜನ ಮುಗಿಬಿದ್ದು ನೋಡಿದರಂತೆ. ಚಹಾ ಕುಡಿದು ತೀರ್ಪು ಕೊಟ್ಟವರಿಗೆ ಈ ಸುದ್ದಿ ಮುಟ್ಟಿಸಬೇಕೆಂದಿದ್ದೇನೆ. (ಅದೂ ‘ಅಧ್ಯಾಯ ಒಂದು’ ಅಂತೆ. ಹನ್ನೊಂದರವರೆಗೆ ಎಳೆಯದಿದ್ದರೆ ಸಾಕು.)

ರಾತ್ರಿ ಕರ್ಚಿಕಾಯಿಗೆ ಅಂಚು ಕಟ್ಟುತ್ತಾ ಕೂತಿದ್ದೆ. ಪಕ್ಕದಲ್ಲಿ ಕುಕ್ಕರಿಸಿದ. “ಆಯಿ, ನಮ್ಮ ಕಡೆ ಅಂಥಾಕಿ ಯಾರೂ ಇಲ್ಲೇನ?”

ನಮ್ಮ ಜಿಲ್ಲೆಯವಳೇ ಆದ ಬೆಳವಡಿ ಮಲ್ಲಮ್ಮನ ಕತೆ ತೆಗೆದೆ. ಹೆಂಗಸರದೇ ಪಡೆ ಕಟ್ಟಿ, ಶಿವಾಜಿಯ ಸೈನ್ಯಕ್ಕೆ ಎದುರು ನಿಂತವಳು. ಪುಣೆಯ ಶಾಲೆಯ ಹುಡುಗ ಕಣ್ಣರಳಿಸಿದ. ಕೈಯಲ್ಲಿದ್ದ ಫೋನು ಹಿಟ್ಟಿನ ಪರಾತದ ಪಕ್ಕ ಬಿದ್ದಿತ್ತು, ಅದರ ಕಡೆ ನೋಡಲಿಲ್ಲ. ಕೊನೆಗೆ ಎಣ್ಣೆ ಕಾದದ್ದು ಕಂಡು ನಾನೇ ನಿಲ್ಲಿಸಿದೆ.

“ಮುಂದ?” ಅಂದ.

“ನಾಳೆ. ಮೊದಲ ಆ ಝಾರಿ ಕೊಡು ಇತ್ತ.”