ಹಿತ್ತಲ ಹಲಸು ಗಿಟಾರಿಗೆ ಬಾರದೇ?

ಪ್ರಪಂಚದ ಯಾವ ಮೂಲೆಯಲ್ಲಾದರೂ ಸರಿ, ಸ್ವಲ್ಪ ದುಬಾರಿಯಾದ ಅಕೌಸ್ಟಿಕ್ ಗಿಟಾರೊಂದನ್ನು ತಿರುಗಿಸಿ ಅದರ ಬೆನ್ನು ನೋಡಿ. ಕಂದು ನೇರಳೆ ಬಣ್ಣ, ನಡುವೆ ಕಪ್ಪು ಗೆರೆ ಕಂಡರೆ ಅದು ಬೀಟೆ ಮರವಾಗಿರುವ ಸಾಧ್ಯತೆ ಹೆಚ್ಚು. ವ್ಯಾಪಾರದವರು ಅದನ್ನು ಈಸ್ಟ್ ಇಂಡಿಯನ್ ರೋಸ್‌ವುಡ್ ಎನ್ನುತ್ತಾರೆ. ಪಶ್ಚಿಮ ಘಟ್ಟದ ಮರಕ್ಕೆ 'ಈಸ್ಟ್' ಎಂಬ ಬಿರುದು! ಬ್ರೆಜಿಲ್ ದೇಶ ತನ್ನ ರೋಸ್‌ವುಡ್ ದಿಮ್ಮಿಗಳ ರಫ್ತಿಗೆ ಅರವತ್ತರ ದಶಕದ ಕೊನೆಯಲ್ಲಿ ತಡೆ ಹಾಕಿತು. 1833ರಿಂದ ಗಿಟಾರು ಮಾಡುತ್ತ ಬಂದಿದ್ದ ಅಮೆರಿಕದ ಮಾರ್ಟಿನ್ ಕಂಪನಿ 1969ರಲ್ಲಿ ನಮ್ಮ ಬೀಟೆಯತ್ತ ಹೊರಳಿತು. 1992ರಲ್ಲಿ ಸೈಟಿಸ್ ಒಪ್ಪಂದ ಬ್ರೆಜಿಲ್ ಮರದ ವ್ಯಾಪಾರಕ್ಕೇ ಬೀಗ ಹಾಕಿದ ಮೇಲೆ ಬೀಟೆಯ ಪಟ್ಟ ಇನ್ನೂ ಗಟ್ಟಿಯಾಯಿತು. ಅಂದರೆ 'ನಾಡ ಮರದಿಂದ ಗಿಟಾರು ಮಾಡಲಾದೀತೇ' ಎಂಬ ಪ್ರಶ್ನೆಗೆ ಜಗತ್ತು ಅರ್ಧ ಶತಮಾನದಿಂದ ಉತ್ತರ ಕೊಡುತ್ತಲೇ ಇದೆ. ಕೇಳಿಸಿಕೊಳ್ಳದವರು ನಾವು.

ನಾವೇನು ಮಾಡುತ್ತಿದ್ದೇವೆ? ಮಗನೋ ಮಗಳೋ ಗಿಟಾರು ಬೇಕೆಂದರೆ ಪದರ ಪದರ ಅಂಟಿಸಿದ ಪ್ಲೈವುಡ್ಡಿನ, ಮೇಲೆ ಮಿರಮಿರ ಪಾಲಿಶ್ ಹೊಡೆದ ಡಬ್ಬವೊಂದನ್ನು ಕೊಡಿಸುತ್ತೇವೆ. ಇನ್ನೂ ಹಣವಿದ್ದವರು 'ಸಾಲಿಡ್ ಸ್ಪ್ರೂಸ್ ಟಾಪ್' ಎಂದು ಬರೆದದ್ದನ್ನು ಹುಡುಕುತ್ತಾರೆ. ಬೆಂಗಳೂರಿನ ಒಂದು ವಾದ್ಯದಂಗಡಿಯಲ್ಲಿ ನಾನು ಹಲಸಿನ ಮರದ ಗಿಟಾರಿನ ಮಾತೆತ್ತಿದೆ. 'ಸರ್, ಅದು ಬಾಗಿಲಿಗೆ, ಮಂಚಕ್ಕೆ ಬರೋ ಮರ. ಗಿಟಾರಿಗೆ ಟೋನ್‌ವುಡ್ಡೇ ಬೇಕು' ಎಂದರು. ಆ ಅಂಗಡಿಯ ಇನ್ನೊಂದು ಗೋಡೆಗೆ ಹಲಸಿನ ಮರದ ವೀಣೆಯೊಂದು ಒರಗಿಕೊಂಡಿತ್ತು. ನಾನು ಅದನ್ನು ತೋರಿಸಿದೆ. 'ಅದು ಬೇರೆ ಸರ್' ಎಂದರು.

ಹೇಗೆ ಬೇರೆ ಎಂದು ಅವರು ಹೇಳಲಿಲ್ಲ. ನಾನು ಹೇಳುತ್ತೇನೆ, ಏಕೆಂದರೆ ಅವರ ಮಾತಿನಲ್ಲಿ ಒಂದು ಎಳೆ ಸತ್ಯವಿದೆ. ವೀಣೆಯ ಕೊಡವನ್ನು ಮರದ ಗಟ್ಟಿಯಿಂದ ತೋಡಿ ತೆಗೆಯುತ್ತಾರೆ. ಏಕಾಂಡ ವೀಣೆಯಾದರೆ ಇಡೀ ವಾದ್ಯವೇ ಒಂದೇ ತುಂಡು. ಗಿಟಾರು ಹಾಗಲ್ಲ. ಅದು ಎರಡು ಮಿಲಿಮೀಟರಿನ ಆಸುಪಾಸಿನ ಹಲಗೆಗಳನ್ನು ಬಿಸಿ ಕೊಳವೆಗೆ ಒತ್ತಿ ಬಾಗಿಸಿ, ಒಳಗೆ ಸಣ್ಣ ಸಣ್ಣ ಪಟ್ಟಿಗಳ ಆಸರೆ ಕೊಟ್ಟು ಕಟ್ಟಿದ ಪೆಟ್ಟಿಗೆ. ಆರು ನೈಲಾನ್ ತಂತಿಗಳು ಸೇರಿ ಅದನ್ನು ಸುಮಾರು ನಲವತ್ತು ಕಿಲೋ ಭಾರದಷ್ಟು ಎಳೆಯುತ್ತಿರುತ್ತವೆ. ಹಾಗಾಗಿ 'ವೀಣೆಗೆ ಬರುತ್ತದೆ, ಆದ್ದರಿಂದ ಗಿಟಾರಿಗೂ ಬರುತ್ತದೆ' ಎಂದು ಎದೆ ತಟ್ಟಿಕೊಳ್ಳುವುದು ಸಾಲದು. ಮಾಡಿ ನೋಡಬೇಕು.

ಆದರೆ 'ಟೋನ್‌ವುಡ್' ಎಂಬ ಮಂತ್ರದ ಕಥೆಯನ್ನೂ ಸ್ವಲ್ಪ ಬಿಚ್ಚೋಣ. ಇವತ್ತಿನ ಕ್ಲಾಸಿಕಲ್ ಗಿಟಾರಿನ ಆಕಾರ, ಅಳತೆಗಳಿಗೆ ಮೂಲಪುರುಷನೆನಿಸಿದ ಸ್ಪೇನಿನ ಅಂಟೋನಿಯೊ ದೆ ಟೊರೆಸ್ 1862ರಲ್ಲಿ ಬೆನ್ನು ಮತ್ತು ಪಕ್ಕಗಳನ್ನು ರಟ್ಟಿನಿಂದ ಮಾಡಿ ಒಂದು ಗಿಟಾರು ಕಟ್ಟಿದ. ರಟ್ಟು! ಅದು ಬಾರ್ಸಿಲೋನಾದ ಸಂಗೀತ ವಸ್ತುಸಂಗ್ರಹಾಲಯದಲ್ಲಿದೆ. ಸದ್ದಿನ ಜೀವ ಇರುವುದು ಮೇಲಿನ ಹಲಗೆಯಲ್ಲಿ ಎಂಬುದು ಅವನ ವಾದ. 1995ರಲ್ಲಿ ಅಮೆರಿಕದ ಬಾಬ್ ಟೇಲರ್ ಸಾಮಾನು ಸಾಗಿಸುವ ಪ್ಯಾಲೆಟ್ಟಿನ ಹಳೆಯ ಹಲಗೆಗಳಿಂದ ಗಿಟಾರು ಮಾಡಿ ವಾದ್ಯಗಳ ದೊಡ್ಡ ಮೇಳಕ್ಕೇ ತಂದಿಟ್ಟ. 2018ರಲ್ಲಿ ಇಂಗ್ಲೆಂಡಿನ ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದವರು ಪ್ರಕಟಿಸಿದ ಪ್ರಯೋಗವಂತೂ ಸ್ಪಷ್ಟವಾಗಿದೆ. ಬೆನ್ನು ಮತ್ತು ಪಕ್ಕದ ಮರವೊಂದನ್ನು ಬಿಟ್ಟು ಉಳಿದದ್ದೆಲ್ಲ ಒಂದೇ ಥರ ಇರುವ ಆರು ಗಿಟಾರುಗಳು. ಒಂದು ಬ್ರೆಜಿಲ್ ರೋಸ್‌ವುಡ್, ಇನ್ನೊಂದು ನಮ್ಮ ಬೀಟೆ, ಮತ್ತೆ ಮಹಾಗನಿ, ಮೇಪಲ್, ಸಪೇಲೆ, ವಾಲ್‌ನಟ್. ಮಬ್ಬು ಬೆಳಕಿನಲ್ಲಿ ವೆಲ್ಡಿಂಗ್ ಕನ್ನಡಕ ಹಾಕಿಕೊಂಡ 52 ಮಂದಿ ವಾದಕರು ಅವನ್ನು ನುಡಿಸಿದರು. ಅವರು ಕೊಟ್ಟ ಅಂಕಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವೇ ಇರಲಿಲ್ಲ. ಕಣ್ಣು ಮುಚ್ಚಿದ ಕೂಡಲೇ ಮರದ ಜಾತಿ ಮಾಯವಾಯಿತು. ಜಾತಿಯ ವಿಷಯದಲ್ಲಿ ಬಹಳ ಸಲ ಹೀಗೇ ಆಗುತ್ತದೆ, ಇರಲಿ.

ನಾನು ಕಟ್ಟಿದ ಗಿಟಾರಿನ ಬೆನ್ನು ಮತ್ತು ಪಕ್ಕ ಹಲಸಿನವು. ಸಾಗರದ ಕಡೆ ಕಳಚಿದ ಹಳೆಯ ಮನೆಯೊಂದರ ತೊಲೆ ಅದು. ಎಷ್ಟು ಮಳೆಗಾಲ ಕಂಡಿತ್ತೋ, ಒಲೆಯ ಹೊಗೆ ಎಷ್ಟು ಕುಡಿದಿತ್ತೋ. ಹೊರಗೆ ಕರ್ರಗೆ, ಸಾಮಿಲ್ಲಿನಲ್ಲಿ ಸೀಳಿದರೆ ಒಳಗೆ ಹಲಸಿನ ತೊಳೆಯದೇ ಹಳದಿ. ಆ ಹಳದಿ ಬೆಳಕಿಗೆ ಬಿದ್ದ ಕೆಲವೇ ತಿಂಗಳಿಗೆ ಜೇನಿನ ಬಣ್ಣಕ್ಕೆ ಇಳಿಯುತ್ತದೆ. ನನಗೆ ಜೊತೆಯಾದ ಆಚಾರರು ಬಾಗಿಲು, ತೊಟ್ಟಿಲು, ದೇವರ ಮಂಟಪ ಮಾಡಿದವರು. ಹಲಗೆಯನ್ನು ತೆಳ್ಳಗೆ ಹೆರೆಯುತ್ತ ಹೋದಂತೆ ಅವರ ಮುಖ ಸಣ್ಣದಾಯಿತು. 'ಅಲ್ಲ ಮಾರಾಯ್ರೆ, ಇದು ಹಲಗೆಯೋ ಹಲಸಿನ ಹಪ್ಪಳವೋ?' ಎಂದರು. 'ಇನ್ನೂ ಅರ್ಧ ಮಿಲಿಮೀಟರು ಹೋಗ್ಬೇಕು ಆಚಾರ್ರೇ' ಎಂದೆ. ಅವರು ಉಳಿ ಕೆಳಗಿಟ್ಟು, ಹಲಗೆಯ ಅಂಚು ಹಿಡಿದು ಬೆರಳ ಗೆಣ್ಣಿನಿಂದ ಒಮ್ಮೆ ತಟ್ಟಿದರು. ಹಣ್ಣಾಗಿದೆಯೋ ಇಲ್ಲವೋ ಎಂದು ಹಲಸಿನಕಾಯಿ ತಟ್ಟುತ್ತಾರಲ್ಲ, ಹಾಗೆಯೇ. ಹಲಗೆ ಗಂಟೆಯ ಹಾಗೆ ನುಡಿಯಿತು. ಆಮೇಲೆ ಅವರು ಮಾತಾಡಲಿಲ್ಲ, ಹೆರೆದರು.

ಮೇಲಿನ ಹಲಗೆಗೂ ಕುತ್ತಿಗೆಗೂ ಗಂಧಗರಿಗೆ ಮರ. ಕೆಲವು ಕಡೆ ನೊಗೆ ಎನ್ನುತ್ತಾರೆ. ಹಗುರ, ಕೆಂಪು, ಕೊಯ್ದರೆ ಪರಿಮಳ. ಕಾಫಿ ತೋಟಗಳಲ್ಲಿ ಇದನ್ನು ನೋಡಿರುತ್ತೀರಿ. ಇದೇ ಮರ, ಇದೇ ಪ್ರಭೇದ, ಆಸ್ಟ್ರೇಲಿಯಾದಲ್ಲೂ ಬೆಳೆಯುತ್ತದೆ. ಅಲ್ಲಿ ಅದು 'ರೆಡ್ ಸೀಡರ್'. ಹತ್ತೊಂಬತ್ತನೆಯ ಶತಮಾನದಲ್ಲಿ ಕೆಂಪು ಚಿನ್ನವೆಂದು ಕಡಿದು ಕಡಿದು ಮುಗಿಸುವ ಹಂತಕ್ಕೆ ತಂದ ಮರ. ಈಗ ಅಲ್ಲಿನ ಗಿಟಾರು ಕುಶಲಕರ್ಮಿಗಳು ಅದರ ತುಂಡು ಸಿಕ್ಕರೆ ಕಣ್ಣಿಗೊತ್ತಿಕೊಳ್ಳುತ್ತಾರೆ. ನಮ್ಮಲ್ಲಿ ಅದು ಪ್ಯಾಕಿಂಗ್ ಪೆಟ್ಟಿಗೆಗೂ ಪ್ಲೈವುಡ್ಡಿಗೂ ಹೋಗುತ್ತದೆ. ಆಸ್ಟ್ರೇಲಿಯಾದಿಂದ ಸಿಲ್ವರ್ ಓಕ್ ತಂದು ಕಾಫಿಗೆ ನೆರಳು ಮಾಡಿಕೊಂಡವರು ನಾವು. ತಮ್ಮ ಮರಗಳನ್ನು ಗೌರವಿಸುವ ಬುದ್ಧಿಯನ್ನೂ ಅವರಿಂದ ತರಬಹುದಿತ್ತು. 1946ರಲ್ಲಿ ಮೆಲ್ಬರ್ನಿನಲ್ಲಿ ಶುರುವಾದ ಮೇಟನ್ ಕಂಪನಿ ಬ್ಲ್ಯಾಕ್‌ವುಡ್, ಕ್ವೀನ್ಸ್‌ಲ್ಯಾಂಡ್ ಮೇಪಲ್ ಮುಂತಾದ ತಮ್ಮ ಕಾಡಿನ ಮರಗಳಿಂದಲೇ ಹೆಸರು ಮಾಡಿತು. ಅವರೂ ಮೊದಲ ದಿನ 'ಇದು ಮಂಚಕ್ಕೆ ಬರೋ ಮರ' ಎಂದುಕೊಂಡಿದ್ದರೆ?

ಬೆರಳು ಓಡುವ ಪಟ್ಟಿಗೂ ತಂತಿ ಕಟ್ಟುವ ಸೇತುವೆಗೂ ಬಯಲುಸೀಮೆಯ ಕರಿಜಾಲಿ ಹಾಕಿದೆ. ಗಾಡಿ ಚಕ್ರದ ಸವೆತ ತಾಳುವ ಮರಕ್ಕೆ ನನ್ನ ನಾಲ್ಕು ಬೆರಳು ಯಾವ ಲೆಕ್ಕ?

ಸದ್ದು ಹೇಗಿದೆ? ಒಳ್ಳೆಯ ಸ್ಪ್ರೂಸ್ ಹಲಗೆಯಷ್ಟು ಎತ್ತರದ ಕೂಗು ಇದಕ್ಕಿಲ್ಲ. ಗಂಧಗರಿಗೆಯನ್ನು ಸ್ವಲ್ಪ ದಪ್ಪ ಬಿಡಬೇಕಾಗುತ್ತದೆ, ಹಾಗಾಗಿ ದೊಡ್ಡ ಸಭಾಂಗಣದ ಹಿಂದಿನ ಸಾಲಿಗೆ ಇದು ಮುಟ್ಟಲಾರದು. ಮಂದ್ರದ ತಂತಿಗಳು ಮಾತ್ರ ದುಂಡಗೆ, ನಿಧಾನಕ್ಕೆ ಆರುತ್ತವೆ. ಕೋಣೆಯಲ್ಲಿ ಕೂತು ನುಡಿಸುವವರಿಗೆ ಇದಕ್ಕಿಂತ ಏನು ಬೇಕೋ ನನಗೆ ತಿಳಿಯದು.

ಈಗ ನನ್ನ ಪಕ್ಷದವರೇ ಎನಿಸಿಕೊಂಡವರ ಜೊತೆ ಜಗಳ. 'ಹಲಸು ಗಿಲಸು ಯಾಕೆ, ನಾಡಿನ ಹೆಮ್ಮೆ ಬೀಟೆಯಿಂದಲೇ ಮಾಡಿ, ರಾಜ್ಯೋತ್ಸವಕ್ಕೆ ಪ್ರದರ್ಶನಕ್ಕಿಡೋಣ' ಎನ್ನುವವರಿದ್ದಾರೆ. ಒಪ್ಪಲಾರೆ. ಬೀಟೆ ಅಳಿವಿನ ಭಯವಿರುವ ಮರಗಳ ಪಟ್ಟಿಯಲ್ಲಿದೆ. ಅದು ಬಲಿಯುವುದಕ್ಕೆ ಒಂದು ತಲೆಮಾರು ಸಾಲದು. ನಮ್ಮ ಕಾನೂನು ಅದನ್ನು ಕಾಯುವ ರೀತಿಯೂ ವಿಚಿತ್ರ. ಕೊಡಗಿನ ಎಷ್ಟೋ ಬಾಣೆ ಜಮೀನುಗಳಲ್ಲಿ ನೆಲ ಬೆಳೆಗಾರನದು, ಮರದ ಹಕ್ಕು ಸರ್ಕಾರದ್ದು. ತನ್ನದಾಗದ ಮರವನ್ನು ಯಾರು ಬೆಳೆಸುತ್ತಾರೆ? ಬೀಟೆ ಸಸಿ ಕಂಡರೆ ಕಳೆಯ ಜೊತೆ ಕಿತ್ತೆಸೆಯುವವರನ್ನು ನಾನು ಬಲ್ಲೆ, ಅವರನ್ನು ದೂರಲಾರೆ.

2011ರಲ್ಲಿ ಅಮೆರಿಕದ ಅಧಿಕಾರಿಗಳು ಗಿಬ್ಸನ್ ಕಂಪನಿಯ ಮೇಲೆ ದಾಳಿ ಮಾಡಿ ಭಾರತದಿಂದ ಹೋದ ಬೀಟೆ, ಕರಿಮರದ ಪಟ್ಟಿಗಳನ್ನು ಹಿಡಿದರು. ತಕರಾರು ಇದ್ದದ್ದು ಅವು ಬರಿಯ ಸೀಳಿದ ಹಲಗೆಯೋ, ವಾದ್ಯದ ಸಿದ್ಧ ಭಾಗವೋ ಎಂಬುದರಲ್ಲಿ. ಸೀಳಿದ ಹಲಗೆಯಾದರೆ ನಮ್ಮ ಕಾನೂನಿನ ಪ್ರಕಾರ ಹೊರಗೆ ಹೋಗುವಂತಿಲ್ಲ, ಸಿದ್ಧ ಭಾಗವಾದರೆ ಹೋಗಬಹುದು. ಮರದ ಕೆಲಸ ಇಲ್ಲಿಯವರ ಕೈಗೇ ಸಿಗಲಿ ಎಂಬ ನಿಯಮದ ಗತಿ ನೋಡಿ: ಸಿಕ್ಕ ಕೆಲಸ ಪಟ್ಟಿ ಕೊಯ್ಯುವುದು ಮಾತ್ರ. 2017ರಿಂದ ಬೀಟೆಯ ಇಡೀ ಕುಲವೇ ಸೈಟಿಸ್ ನಿಗಾದಲ್ಲಿದೆ. 2019ರಲ್ಲಿ ಸಿದ್ಧ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು. ಹಲಗೆಗೆ ಕಾಗದ ಬೇಕು, ಗಿಟಾರಿಗೆ ಬೇಡ. ಕೊನೆಯ ಕೈ ಯಾರದೋ ಲಾಭ ಅವರದು, ಮತ್ತು ಆ ಕೊನೆಯ ಕೈ ನಮ್ಮದಾಗಲೆಂದು ನಾವು ಬೆರಳೂ ಎತ್ತಿಲ್ಲ.

ಅರಣ್ಯ ಇಲಾಖೆ ಪ್ರತಿವರ್ಷ ಸಸಿ ಹಂಚುತ್ತದೆ, ಲಲಿತಕಲೆ ಕಲಿಸುವ ಕಾಲೇಜುಗಳಿವೆ, ಕೆತ್ತನೆ ಕಲಿಸುವ ಕೇಂದ್ರಗಳೂ ಇವೆ. ವೀಣೆ ಮಾಡುವ ಆಚಾರರನ್ನು ಕರೆದು ಗಿಟಾರು, ಪಿಟೀಲು ಕಟ್ಟುವುದನ್ನು ಕಲಿಸುವ, ಅವರಿಂದ ಕಲಿಯುವ ಒಂದು ತರಗತಿ ಇವುಗಳಲ್ಲೊಂದರಲ್ಲಿ ಶುರುವಾದರೆ ಯಾರ ಗಂಟು ಹೋಗುತ್ತದೆ? ಗಿಟಾರು ಪರದೇಶಿ ವಾದ್ಯ ಎನ್ನುವ ಸಂಗೀತಗಾರರು ಮೊದಲು ತಮ್ಮ ಪಕ್ಕದ ಪಿಟೀಲನ್ನು ಎತ್ತಿಡಲಿ. ಬಾಲುಸ್ವಾಮಿ ದೀಕ್ಷಿತರು ಆ ವಿದೇಶಿಯನ್ನು ಕಛೇರಿಗೆ ತರದೇ ಇದ್ದಿದ್ದರೆ ಇವತ್ತು ಅವರ ರಾಗಕ್ಕೆ ನೆರಳಾಗಿ ಬರಲು ಪಿಟೀಲು ಎಲ್ಲಿರುತ್ತಿತ್ತು?

ಆಚಾರರು ಹೋದ ತಿಂಗಳು ಫೋನು ಮಾಡಿದ್ದರು. ಪರಿಚಯದ ತೋಟವೊಂದರಲ್ಲಿ ಗಾಳಿಗೆ ಬಿದ್ದ ಗಂಧಗರಿಗೆಯನ್ನು ಪೆಟ್ಟಿಗೆ ಮಾಡುವವರು ಕೊಳ್ಳಲು ಬಂದಿದ್ದಾರಂತೆ. 'ನಾರು ನೆಟ್ಟಗಿದೆ. ಒಂದು ದಿಮ್ಮಿ ನಾನೇ ಹಿಡಿದಿಟ್ಟಿದ್ದೇನೆ, ದುಡ್ಡು ನೀವು ಕೊಡಿ' ಎಂದರು. ಹಲಗೆ ಸೀಳಿಸಿ, ನಡುವೆ ಕಡ್ಡಿ ಇಟ್ಟು, ಅವರ ಅಟ್ಟದ ಮೇಲೆ ಜೋಡಿಸಿದ್ದೇವೆ. ಇನ್ನೆರಡು ಮಳೆಗಾಲ ಒಣಗಬೇಕು.